ಬಿಜ್ಜರಗಿ ಗುಡ್ಡದಲ್ಲಿ ಕಳೆದ ಕರಡಿಗೆ

ಗುರಲಿಂಗಪ್ಪ ಸೊಲ್ಲಾಪುರದ ಲಿಲಾವಿನಲ್ಲಿ ಸವಾಲು ಕೂಗಿ ಮಿಲಿಟರಿಯ ಹಳೆಯ ಡೇರೆ, ರಾವುಟಿಯೊಂದನ್ನು ಹಿಡಿದು ತಂದ ದಿನದಿಂದ ಜೋರಾಪುರ ಪೇಟೆಯ ಅವನ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಯುದ್ಧ ಮುಗಿದು ವರ್ಷ ಕಳೆದಿತ್ತು. ದಂಡಿನವರು ಬಿಟ್ಟುಹೋದ ಬೂಟು, ಕಂಬಳಿ, ತಗಡಿನ ಡಬ್ಬಿಗಳೆಲ್ಲ ಮಾರಾಟಕ್ಕೆ ಬರುತ್ತಿದ್ದವು, ಅದು ಸರಿ. ಆದರೆ ಅರಳೆ ವ್ಯಾಪಾರ ಮಾಡುವವನಿಗೆ ರಾವುಟಿ ಯಾಕೆ ಬೇಕು ಎಂದು ಹೆಂಡತಿ ನೀಲಾಬಾಯಿ ದಿನಾ ಕೇಳುತ್ತಿದ್ದಳು. ಓಣಿಯ ನಡುವೆ ಒಮ್ಮೆ ಕಟ್ಟಿ ನೋಡಿದ. ಚಕ್ಕಡಿಗಳು ಸಾಲುಗಟ್ಟಿ ನಿಂತವು, ಜನ ಬೈದರು, ಬಿಚ್ಚಿದ. ಕಡೆಗೆ ಸೀಗಿ ಹುಣ್ಣಿಮೆಗೆ ಬಿಜ್ಜರಗಿಯ ಗುಡ್ಡದ ಮೇಲೆ ಅದನ್ನು ಕಟ್ಟಿ, ಬೆಳದಿಂಗಳೂಟ ಮಾಡಿ, ಅಲ್ಲಿಯೇ ಮಲಗಿ ಬರುವುದೆಂದು ಗೊತ್ತುಮಾಡಿದ. ಜೊತೆಗೆ ಯಾರು? ಇನ್ನಾರು, ಹೆಂಡತಿಯ ತಮ್ಮ ಶಂಕ್ರೆಪ್ಪ.

ಶಂಕ್ರೆಪ್ಪ ಬಬಲೇಶ್ವರದ ಶಾಲೆಯಲ್ಲಿ ಮಾಸ್ತರ. ದಸರೆಯ ರಜೆಗೆ ಅಕ್ಕನ ಮನೆಗೆ ಬಂದಿದ್ದ. ಬಬಲೇಶ್ವರದಲ್ಲಿ ಅವನ ಮಾತೆಂದರೆ ಮಾತು. ಅಣ್ಣತಮ್ಮಂದಿರು ಹೊಲದ ಬದುವಿಗೆ ಜಗಳಾಡಿದರೆ ಮಾಸ್ತರರನ್ನು ಕರೆಸಿ ಕೇಳುತ್ತಿದ್ದರು. ಇಂಥ ಗಂಭೀರ ಮನುಷ್ಯ ಅಕ್ಕನ ಗಂಡನ ಎದುರಿಗೆ ಬಂದನೆಂದರೆ ಹತ್ತು ವರ್ಷದ ಹುಡುಗನಾಗಿಬಿಡುತ್ತಿದ್ದ. ಅಕ್ಕನ ಗಂಡ, ಹೆಂಡತಿಯ ತಮ್ಮ ಎಂದ ಮೇಲೆ ಚೇಷ್ಟೆ ನಡೆಯಬೇಕಾದ್ದೇ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಗುರಲಿಂಗಪ್ಪ ಒಮ್ಮೆ ಅವನ ಹೋಳಿಗೆಯೊಳಗೆ ಖಾರದ ಪುಡಿ ತುಂಬಿ ತಿನ್ನಿಸಿದ್ದ. ಶಂಕ್ರೆಪ್ಪ ಅದೇ ವರ್ಷದ ದೀಪಾವಳಿಗೆ, ತಾನು ಮಾವ ಎಂದು ಕರೆಯುವ ಗುರಲಿಂಗಪ್ಪನ ಹೊಸ ಕೋಟಿನ ಎರಡೂ ತೋಳುಗಳ ಬಾಯಿ ಹೊಲಿದಿಟ್ಟ. ನೀಲಾಬಾಯಿ ಇಬ್ಬರಿಗೂ ಬೈದು ಬೈದು ಸೋತಿದ್ದಳು.

ತಿಕೋಟಾ ದಾಟಿ ಬಿಜ್ಜರಗಿಯವರೆಗೆ ಚಕ್ಕಡಿಯಲ್ಲಿ ಹೋದರು. ಗುಡ್ಡವೆಂದರೆ ಹೆದರಬೇಕಾದ ಗುಡ್ಡವೇನಲ್ಲ. ಕುರಿಗಳು ತುಳಿದು ಮಾಡಿದ ದಾರಿ ಹಿಡಿದು, ಎಲಡಿಕೆ ಜಗಿಯುತ್ತ, ಎರಡು ಕಡೆ ಕೂತು ಎದ್ದು ಹೋದರೂ ತಾಸಿನೊಳಗೆ ಮೇಲೆ ಮುಟ್ಟಬಹುದು. ಗುರಲಿಂಗಪ್ಪ ಮಾತ್ರ ಕೈಯಲ್ಲಿ ಕೊಡೆ, ತಲೆಗೆ ರುಮಾಲು, ಕಾಲಲ್ಲಿ ಕಿರ್ ಕಿರ್ ಅನ್ನುವ ಹೊಸ ಚಪ್ಪಲಿ ಹಾಕಿಕೊಂಡು, ಕೈಲಾಸಕ್ಕೇ ಹೊರಟವನ ಹಾಗೆ ಏದುಸಿರು ಬಿಟ್ಟ. ರಾವುಟಿಯ ಗಂಟನ್ನು ಹೊತ್ತವನು ಅಮೋಘಿ. ಗುಡ್ಡದ ಮೇಲೆ ಅವನದೊಂದು ಗುಡಿಸಲಿತ್ತು. ಗುರಲಿಂಗಪ್ಪನ ನಲವತ್ತು ಕುರಿಗಳನ್ನು ಅವನೂ ಹೆಂಡತಿ ಮಾಳವ್ವನೂ ಪಾಲಿಗೆ ಕಾಯುತ್ತಿದ್ದರು. ಹುಟ್ಟಿದ ಮರಿಗಳಲ್ಲಿ ಅರ್ಧ ಇವರಿಗೆ, ಅರ್ಧ ಅವನಿಗೆ. ಹನ್ನೆರಡು ವರ್ಷದಿಂದ ಅದೇ ಅವರ ಬದುಕು, ಬೇರೆ ಹೊಲ ಮನೆ ಏನೂ ಇರಲಿಲ್ಲ.

ಸಂಜೆ ಎಲ್ಲ ಚೆನ್ನಾಗಿಯೇ ಆಯಿತು. ಗುರಲಿಂಗಪ್ಪ ಗೂಟಗಳನ್ನು ಬಡಿದದ್ದು ಒಂದೊಂದು ಒಂದೊಂದು ದಿಕ್ಕಿಗೆ. ರಾವುಟಿ ಎದ್ದು ನಿಂತು, ನಾಲ್ಕು ಜನ ನೋಡುತ್ತಿರುವಾಗಲೇ ಕುಸಿದು ಬಿತ್ತು. ಅಮೋಘಿ ನಗು ತಡೆದುಕೊಂಡು ಹಗ್ಗಗಳನ್ನೆಲ್ಲ ಮತ್ತೆ ಬಿಗಿದ. ಚಂದ್ರ ಮೇಲೆ ಬಂದ ಮೇಲೆ ಬುತ್ತಿ ಬಿಚ್ಚಿದರು. ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮಾದಲಿ. ಮಾಳವ್ವ ಗಡಿಗೆಯ ತುಂಬ ಮಜ್ಜಿಗೆ ತಂದಿಟ್ಟಳು. ಗುರಲಿಂಗಪ್ಪ ಎಷ್ಟೇ ನಗೆಗಾರನಿರಲಿ, ಕೊರಳಲ್ಲಿದ್ದ ಬೆಳ್ಳಿ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ತುತ್ತು ಮುಟ್ಟುವವನಲ್ಲ. ಎಲ್ಲರೂ ಕಾದರು. ಶಂಕ್ರೆಪ್ಪನ ಕೊರಳಲ್ಲೂ ಲಿಂಗವಿತ್ತು. ಅವನು ಕಣ್ಣಿಗೆ ಒತ್ತಿಕೊಂಡು, ಹಣೆಗೆ ವಿಭೂತಿ ಎಳೆದು, ರೊಟ್ಟಿಗೆ ಕೈ ಹಾಕಿದ.

ನಸುಕಿನಲ್ಲಿ ಎಚ್ಚರಾದಾಗ ಶಂಕ್ರೆಪ್ಪನ ಕಣ್ಣಿಗೆ ಮೊದಲು ಬಿದ್ದದ್ದು ಆ ಕರಡಿಗೆ. ಶಿವದಾರ ಸವೆದು ಹರಿದು, ಮಾವನ ಕೊರಳಿಂದ ಜಾರಿ ಕಂಬಳಿಯ ಮೇಲೆ ಬಿದ್ದಿತ್ತು. ಗುರಲಿಂಗಪ್ಪ ಗೊರಕೆ ಹೊಡೆಯುತ್ತಿದ್ದ. ಒಳ್ಳೆಯ ಮನುಷ್ಯನಾಗಿದ್ದರೆ ಆಗಲೇ ಎಬ್ಬಿಸಿ ಕೈಗೆ ಕೊಡಬೇಕಾಗಿತ್ತು. ಶಂಕ್ರೆಪ್ಪ ಒಳ್ಳೆಯ ಮನುಷ್ಯನೇ, ಅಲ್ಲ ಅನ್ನುವುದಿಲ್ಲ, ಆದರೆ ಆ ಹೊತ್ತಿಗೆ ಅವನು ಬರೀ ಮೈದುನನಾಗಿದ್ದ. ದೊಡ್ಡ ಶಿವಭಕ್ತ ಅಂತ ನಮಗೆಲ್ಲ ಹೇಳುತ್ತಾನಲ್ಲ, ಎದ್ದ ಮೇಲೆ ಒಂದು ಗಳಿಗೆ ತಡಕಾಡಲಿ ಎಂದುಕೊಂಡು ಕರಡಿಗೆಯನ್ನು ಎತ್ತಿ ಕೋಟಿನ ಒಳಕಿಸೆಗೆ ಹಾಕಿಕೊಂಡ. ಇದು ಕೋಟಿನ ತೋಳು ಹೊಲಿದ ಹಾಗಲ್ಲ ಎಂದು ಮನಸ್ಸು ಹೇಳಿತು. ಒಂದೇ ಗಳಿಗೆ, ಆಮೇಲೆ ಕೊಟ್ಟರಾಯಿತು ಎಂದು ತಾನೇ ಸಮಾಧಾನ ಹೇಳಿಕೊಂಡ.

ಗುರಲಿಂಗಪ್ಪ ಎದ್ದ. ಎದೆ ಮುಟ್ಟಿಕೊಂಡ. ಕಂಬಳಿ ಕೊಡವಿದ, ಹಾಸಿದ ಜಮಖಾನೆ ಎತ್ತಿದ, ಅಂಗಿಯೊಳಗೆ ಕೈ ಹಾಕಿದ. ಶಂಕ್ರೆಪ್ಪ ನಗು ಒತ್ತಿ ಹಿಡಿದು ಏನು ಹುಡುಕುತ್ತೀರಿ ಮಾವ ಎಂದು ಕೇಳಿದ.

"ನನ್ನ ಜೀವ ಹುಡುಕಾಕತ್ತೇನಿ," ಎಂದ ಗುರಲಿಂಗಪ್ಪ.

ಆ ದನಿ ಶಂಕ್ರೆಪ್ಪ ಎಂದೂ ಕೇಳಿದ್ದಲ್ಲ. ತೊಟ್ಟಿಲಲ್ಲಿದ್ದಾಗ ಗುರುಗಳು ಕಟ್ಟಿದ ಲಿಂಗ, ಐವತ್ತು ವರ್ಷದಲ್ಲಿ ಒಂದು ದಿನ ಮೈಬಿಟ್ಟು ಇದ್ದದ್ದಿಲ್ಲ ಎನ್ನುತ್ತ ಅವನು ನೆಲದ ಮೇಲೆ ಕೂತುಬಿಟ್ಟ. ಕಣ್ಣಿಂದ ನೀರು ಇಳಿಯಿತು. ಆಗಲಾದರೂ ತೆಗೆದು ಕೊಟ್ಟಿದ್ದರೆ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತು. ಶಂಕ್ರೆಪ್ಪ ಕಿಸೆಗೆ ಕೈ ಹಾಕಿಯೂ ಹಾಕಿದ. ಆದರೆ ಅಳುವ ಮನುಷ್ಯನ ಎದುರಿಗೆ ಅದನ್ನು ಚೇಷ್ಟೆಗೆ ಎತ್ತಿಟ್ಟಿದ್ದೆ ಎಂದು ಹೇಗೆ ಹೇಳುವುದು? ನಾಚಿಕೆಯಾಯಿತು. ಕೈ ಬರಿದೇ ಹೊರಗೆ ಬಂತು.

ಆಮೇಲೆ ಹುಡುಕಾಟ. ಅಮೋಘಿ ಓಡಿ ಬಂದ, ಮಾಳವ್ವ ಬಂದಳು. ಅವರದು ಲಿಂಗ ಕಟ್ಟುವ ಮನೆತನವಲ್ಲ, ಆದರೂ ಯಜಮಾನರ ದೇವರು ಕಳೆದಿದೆ ಎಂದು ಗಂಡ ಹೆಂಡತಿ ಮೊಳಕಾಲೂರಿ, ಮುಳ್ಳು ಕಂಟಿಗಳನ್ನು ಕೈಯಿಂದಲೇ ಸರಿಸಿ, ಹುಲ್ಲಿನ ಬುಡವನ್ನೆಲ್ಲ ಬೆರಳಿನಿಂದ ಬಾಚಿದರು. ಅಮೋಘಿ ರಾವುಟಿಯ ಒಂದೊಂದು ಗೂಟದ ಸುತ್ತಲೂ ಎರಡೆರಡು ಸಲ ನೋಡಿದ. ಮಾಳವ್ವನ ಅಂಗೈಗೆ ಮುಳ್ಳು ನಟ್ಟು ರಕ್ತ ಬಂತು. ಅವಳು ಸೆರಗಿಗೆ ಒರೆಸಿಕೊಂಡು ಮತ್ತೆ ಹುಡುಕಿದಳು. ಅವರ ಜೊತೆಗೆ ಶಂಕ್ರೆಪ್ಪನೂ ಬಗ್ಗಿ ಬಗ್ಗಿ ಹುಡುಕಿದ. ಎಂಥ ಮನುಷ್ಯ ಅಂತೀರಿ! ಬಗ್ಗಿದಾಗೆಲ್ಲ ಒಳಕಿಸೆಯ ಕರಡಿಗೆ ಎದೆಗೆ ಒತ್ತುತ್ತಿತ್ತು. ಇಷ್ಟು ಹೊಲಸು ಕೆಲಸವನ್ನು ತಾನು ಎಂದೂ ಮಾಡಿರಲಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬಿಸಿಲು ಏರಿತು. ಗುರಲಿಂಗಪ್ಪ ಹನಿ ನೀರು ಮುಟ್ಟಲಿಲ್ಲ. ಲಿಂಗ ಮೈಮೇಲಿಲ್ಲದೆ ನೀರು ಕುಡಿಯುವುದಿಲ್ಲ, ಸಿಗದಿದ್ದರೆ ಇಲ್ಲಿಂದ ಏಳುವುದೂ ಇಲ್ಲ ಎಂದ. ತುಟಿ ಒಣಗಿ ಬಿರಿದವು. ಸುಮ್ಮನೆ ಕೂತವನ ತಲೆ ಮಾತ್ರ ಕೆಲಸ ಮಾಡುತ್ತಿತ್ತು. ಲಿಂಗ ಯಾರಿಗೆ ಬೇಕು, ಆದರೆ ಕರಡಿಗೆ ಬೆಳ್ಳಿಯದು. ರಾತ್ರಿ ಗಾಳಿ ಬಿಟ್ಟಾಗ ಹಗ್ಗ ಬಿಗಿಯಲು ರಾವುಟಿಯ ಹತ್ತಿರ ಬಂದವನು ಯಾರು? ಇಷ್ಟು ಯೋಚಿಸಿ ಅವನು ಅಮೋಘಿಯನ್ನು ಕರೆದ.

"ಅಮೋಘಿ, ತಗೊಂಡಿದ್ರ ಕೊಟ್ಟುಬಿಡಪಾ. ಬೆಳ್ಳಿ ನೀನ ಇಟ್ಕೋ. ಲಿಂಗಷ್ಟ ಕೊಡು."

ಅಮೋಘಿ ಸಿಟ್ಟು ಮಾಡಲಿಲ್ಲ, ಅಳಲೂ ಇಲ್ಲ. ಹೆಗಲ ಮೇಲಿನ ಕಂಬಳಿ ತೆಗೆದು ಕೊಡವಿದ. ತಲೆಯ ರುಮಾಲು ಬಿಚ್ಚಿ, ಉದ್ದಕ್ಕೂ ಹಿಡಿದು ತೋರಿಸಿದ. ಗುಡಿಸಲೊಳಗೆ ಹೋಗಿ ಗಡಿಗೆ, ಬುಟ್ಟಿ, ಹಾಸಿಗೆ ಎಲ್ಲ ತಂದು ಅಂಗಳದಲ್ಲಿಟ್ಟ. ಮಾಳವ್ವ ಸಜ್ಜೆ ತುಂಬಿದ ಗಡಿಗೆಯನ್ನು ಕಂಬಳಿಯ ಮೇಲೆ ಬೋರಲು ಹಾಕಿ, ಕಾಳುಗಳನ್ನು ಕೈಯಾಡಿಸಿ ತೋರಿಸಿದಳು. ಹನ್ನೆರಡು ವರ್ಷ ಒಂದು ಮರಿ ಹೆಚ್ಚುಕಡಿಮೆ ಮಾಡದವರು ತಮ್ಮ ಮನೆಯನ್ನೆಲ್ಲ ಹೀಗೆ ಬಯಲಿಗೆ ಹಾಕಿ ನಿಂತರು. ಶಂಕ್ರೆಪ್ಪನಿಗೆ ನೋಡಲಾಗಲಿಲ್ಲ. ಹೇಳು, ಈಗ ಹೇಳು ಎಂದು ಒಳಗೆ ಯಾರೋ ಕೂಗುತ್ತಿದ್ದರು. ಹೇಳಿದರೆ ಕುರುಬರ ಎದುರಿಗೆ ಮಾನ ಹೋಗುತ್ತದೆ, ಅಕ್ಕನಿಗೆ ತಿಳಿಯುತ್ತದೆ, ಬಬಲೇಶ್ವರಕ್ಕೂ ಸುದ್ದಿ ಮುಟ್ಟುತ್ತದೆ. ಹೇಳದೆಯೇ ಎಲ್ಲ ಸರಿಮಾಡುವ ಉಪಾಯ ಅವನಿಗೆ ಹೊಳೆಯಿತು.

ರಾವುಟಿಯ ಹಿಂದೆ ಹೋದ. ಮೂಲೆಯ ಗೂಟದ ಬುಡದಲ್ಲಿ ಮಣ್ಣು ಕೆದರಿ, ಕರಡಿಗೆಯನ್ನು ಅರ್ಧ ಕಾಣುವ ಹಾಗೆ ಇಟ್ಟ. ಹತ್ತು ಎಣಿಸುವಷ್ಟು ಹೊತ್ತು ನಿಂತು, ಸಿಕ್ಕಿತು ಎಂದು ಕೂಗಿದ.

ಗುರಲಿಂಗಪ್ಪ ಎದ್ದು ಬಿದ್ದು ಓಡಿಬಂದ. ಲಿಂಗವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಚಿಕ್ಕ ಹುಡುಗನ ಹಾಗೆ ಅತ್ತ. ಶಂಕ್ರೆಪ್ಪನ ಕಾಲಿಗೇ ಬೀಳಲು ಬಂದ, ಇವನು ಹೌಹಾರಿ ಹಿಂದೆ ಸರಿದ. ಹೊಸ ದಾರ ಹೊಸೆದು, ಕೈಕಾಲು ತೊಳೆದು, ಪೂಜೆ ಮಾಡಿ, ಎರಡು ತಂಬಿಗೆ ನೀರು ಕುಡಿದ. ಶಂಕ್ರೆಪ್ಪನ ಎದೆಯ ಮೇಲಿನ ಕಲ್ಲು ಇಳಿಯಿತು. ಮಾಳವ್ವ ಸಜ್ಜೆಯನ್ನು ಗಡಿಗೆಗೆ ತುಂಬತೊಡಗಿದ್ದಳು. ಎಲ್ಲ ಮುಗಿಯಿತು ಎಂದುಕೊಂಡ ಆ ಪುಣ್ಯಾತ್ಮ.

ರಾವುಟಿ ಬಿಚ್ಚಿ ಗಂಟು ಕಟ್ಟಿದ ಮೇಲೆ ಗುರಲಿಂಗಪ್ಪ ಬಾಯಿ ಬಿಟ್ಟ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ದೊಡ್ಡತನವಿತ್ತು. ಆ ಗೂಟದ ಬುಡವನ್ನು ಅಮೋಘಿ ಎರಡು ಸಲ ನೋಡಿದ್ದನ್ನು ನಾನೇ ಕಂಡಿದ್ದೇನೆ, ಆಗ ಅಲ್ಲಿ ಏನೂ ಇರಲಿಲ್ಲ ಎಂದ. ಗುಡಿಸಲು ಜಾಲಾಡಿದ ಮೇಲೆ ಹೆದರಿ ತಂದು ಇಟ್ಟಿದ್ದಾನೆ, ಹೋಗಲಿ, ಪೊಲೀಸರಿಗೆ ಹೇಳುವುದಿಲ್ಲ ಎಂದ. ಆದರೆ ಇನ್ನು ಮೇಲೆ ನಂಬಿಕೆ ಇಲ್ಲ. ಕಾಖಂಡಕಿಯಲ್ಲಿ ಸಂಗಣ್ಣನೆಂಬ ಇನ್ನೊಬ್ಬ ಕುರಿಗಾರನಿದ್ದಾನೆ, ನಲವತ್ತು ಕುರಿಗಳನ್ನೂ ಅಮೋಘಿಯೇ ಹೊಡೆದುಕೊಂಡು ಹೋಗಿ ಅಲ್ಲಿಗೆ ಒಪ್ಪಿಸಿ ಬರಲಿ ಎಂದ.

ಮಾಳವ್ವ ಸಜ್ಜೆ ತುಂಬುವುದನ್ನು ಬಿಟ್ಟು ಗಂಡನ ಮುಖ ನೋಡಿದಳು. ಕುರಿ ಹೋದರೆ ಈ ಗುಡ್ಡದ ಮೇಲೆ ಅವರಿಗೆ ಏನು ಕೆಲಸ? ಕಳ್ಳ ಎಂದು ಹೆಸರು ಬಂದವನಿಗೆ ಸುತ್ತ ಹತ್ತು ಹಳ್ಳಿಯಲ್ಲಿ ಕುರಿ ಕೊಡುವವರು ಯಾರು? ಶಂಕ್ರೆಪ್ಪ ಹೂಡಿದ ಉಪಾಯವೇ ಈ ಮನುಷ್ಯನ ಕೊರಳಿಗೆ ಬಿದ್ದಿತ್ತು. ಅವನಿಗೆ ಇನ್ನು ತಡೆಯಲಾಗಲಿಲ್ಲ.

"ಮಾವ, ಅಂವ ಮುಟ್ಟಿಲ್ಲ. ನಾನ ತಗೊಂಡಿದ್ದೆ. ನಿಮ್ಮ ದಾರ ಹರಿದು ಬಿದ್ದಿತ್ತು, ಚೇಷ್ಟೆಕ ಕಿಸೇದಾಗ ಹಾಕ್ಕೊಂಡೆ. ಆಮ್ಯಾಲೆ ಹೇಳಾಕ ಬಾಯಿ ಬರಲಿಲ್ಲ. ಗೂಟದ ಬುಡಕ ನಾನ ಇಟ್ಟೆ."

ಗುರಲಿಂಗಪ್ಪ ಅವನ ಹತ್ತಿರಕ್ಕೆ ಬಂದ. ಈಗ ಹೊಡೆಯುತ್ತಾನೆ ಎಂದು ಶಂಕ್ರೆಪ್ಪ ಕಾದ. ಹೊಡೆದಿದ್ದರೆ ಎಷ್ಟು ಚಲೋ ಇತ್ತು! ಗುರಲಿಂಗಪ್ಪನ ಕಣ್ಣು ತುಂಬಿ ಬಂದವು. ಅವನು ಮೈದುನನ ಬೆನ್ನ ಮೇಲೆ ಕೈಯಾಡಿಸಿದ.

"ನಿನ್ನ ಗುಣ ನನಗ ಗೊತ್ತಿಲ್ಲೇನೋ ಶಂಕ್ರ್ಯಾ? ಇವರ ಹೊಟ್ಟಿ ಮ್ಯಾಲೆ ಹೊಡೀಬಾರದಂತ ತಪ್ಪು ನಿನ್ನ ಮ್ಯಾಲೆ ಹಾಕ್ಕೊಳ್ಳಾಕತ್ತಿ. ಲಿಂಗ ಕಟ್ಟಿದವ ಲಿಂಗದ ಜೋಡಿ ಆಟ ಆಡ್ತಾನೇನು? ನಾ ನೀರಿಲ್ಲದ ಸಾಯಾಕತ್ತಾಗ ನನ್ನ ಹೆಂಡ್ತಿ ತಮ್ಮ ನಿಂತು ನೋಡ್ತಾನೇನು?"

ಶಂಕ್ರೆಪ್ಪ ಇಲ್ಲ ಮಾವ, ಖರೆ ಹೇಳುತ್ತಿದ್ದೇನೆ ಎಂದು ಎರಡು ಸಲ ಹೇಳಿದ. ಅದು ಗುರಲಿಂಗಪ್ಪನ ಕಿವಿಗೆ ಇನ್ನಷ್ಟು ಒಳ್ಳೆಯತನವಾಗಿ ಕೇಳಿಸಿತು. ಕಡೆಗೆ ಶಂಕ್ರೆಪ್ಪ ಅಂಗಿಯ ಗುಂಡಿ ಬಿಚ್ಚಿ, ತನ್ನ ಲಿಂಗವನ್ನು ಹೊರತೆಗೆದ. ಅದನ್ನು ಅಂಗೈಯಲ್ಲಿಟ್ಟು ಆಣೆ ಮಾಡಿದರೆ ಗುರಲಿಂಗಪ್ಪ ನಂಬಲೇಬೇಕು. ಅದಕ್ಕೆ ಮೀರಿದ ಮಾತು ಅವರಿಬ್ಬರ ನಡುವೆ ಇಲ್ಲ. ಗುರಲಿಂಗಪ್ಪ ತಟ್ಟನೆ ಅವನ ಕೈ ಹಿಡಿದುಕೊಂಡ.

"ಬ್ಯಾಡ. ಸುಳ್ಳಿಗೆ ಲಿಂಗ ಹಿಡೀಬ್ಯಾಡ. ಪಾಪ ನಿನಗ ಹತ್ತತೈತಿ."

ಶಂಕ್ರೆಪ್ಪನ ಕೈ ಕೆಳಗೆ ಇಳಿಯಿತು. ಗುರಲಿಂಗಪ್ಪ ಅವನ ಅಂಗಿಯ ಗುಂಡಿಯನ್ನು ತಾನೇ ಹಾಕಿ, ಕೊಡೆ ಬಿಡಿಸಿಕೊಂಡು ಇಳಿಯತೊಡಗಿದ. ಇಂಥ ಮೈದುನ ಯಾರಿಗೆ ಸಿಗುತ್ತಾನೆ, ನೀಲಾಬಾಯಿಗೆ ಎಲ್ಲ ಹೇಳುತ್ತೇನೆ ಎಂದು ದಾರಿಯುದ್ದಕ್ಕೂ ಅವನು ಒಬ್ಬನೇ ಮಾತಾಡುವುದು ಮೇಲಕ್ಕೆ ಕೇಳುತ್ತಿತ್ತು.

ಶಂಕ್ರೆಪ್ಪ ರಾವುಟಿಯ ಗಂಟಿನ ಹತ್ತಿರ ನಿಂತೇ ಇದ್ದ. ಅದನ್ನು ಹೊತ್ತು ಕೊಡು ಎಂದು ಅಮೋಘಿಗೆ ಹೇಳುವ ಬಾಯಿ ಅವನಿಗಿರಲಿಲ್ಲ, ತಾನೇ ಎತ್ತಿ ಹೆಗಲಿಗೆ ಹಾಕಿಕೊಂಡ. ಅಮೋಘಿ ಹಟ್ಟಿಯ ಬೇಲಿ ತೆಗೆದು ಕುರಿಗಳನ್ನು ಹೊರಗೆ ಬಿಟ್ಟಿದ್ದ. ಕೋಲು ಹಿಡಿದು ಮಾಸ್ತರನ ಎದುರಿಗೆ ಬಂದು ನಿಂತ.

"ಒಂದು ಮಾತು ಕೇಳ್ತೇನ್ರಿ ಮಾಸ್ತರ. ಯಜಮಾನ್ರು ನಿಮ್ಮ ಕೈ ಬಿಡಿಸ್ಕೊಳ್ಳಾಕ ಬರದಷ್ಟು ಗಟ್ಟಿ ಹಿಡಿದಿದ್ರೇನ್ರಿ?"

ಶಂಕ್ರೆಪ್ಪ ಹೆಗಲ ಮೇಲಿನ ಗಂಟನ್ನು ಸರಿಮಾಡಿಕೊಂಡ.

"ಇಲ್ಲ," ಎಂದ.

ಅಮೋಘಿ ಹೂಂ ಎಂದು ತಲೆಯಾಡಿಸಿದ. ಆಮೇಲೆ ಕುರಿಗಳ ಕಡೆ ತಿರುಗಿ ನಾಲಿಗೆ ಲೊಚಗುಟ್ಟಿದ. ನಲವತ್ತೂ ಅವನ ಹಿಂದೆ ಕಾಖಂಡಕಿಯ ದಾರಿ ಹಿಡಿದು ಇಳಿದವು.