ಬಾಡಿಗೆ ಕಾರಿಗೆ ಸಹಿ ಹಾಕುವ ಮುನ್ನ

ಎದುರುಮನೆ ಫೋಟೋಗ್ರಾಫರ್ ಪರದೇಶ ಸುತ್ತಿ ಬಂದ. ಬಂದವನ ಮುಖದಲ್ಲಿ ಕಳೆಯೇ ಇರಲಿಲ್ಲ. ಅಲ್ಲಿ ಬಾಡಿಗೆಗೆ ಹಿಡಿದಿದ್ದ ಕಾರಿನ ಬಾಗಿಲಲ್ಲಿ ಗೀರು ಇದೆ ಎಂದು, ಅವನು ವಾಪಸು ಬಂದ ಮೇಲೆ ಕಾರ್ಡಿನಿಂದ ದುಡ್ಡು ಹಿಡಿದಿದ್ದರು. ಆ ಗೀರು ಮೊದಲೇ ಇತ್ತೋ ಆಮೇಲೆ ಬಿತ್ತೋ, ಅವನಿಗೇ ಗೊತ್ತಿಲ್ಲ.

"ಊರು ಕೇರಿ, ಕಾಗೆ ಪಾರಿವಾಳ, ಎಲ್ಲದರ ಫೋಟೋ ತೆಗ್ದೆ. ಕಾರಿಂದೊಂದು ತೆಗೀಲಿಲ್ಲ ನೋಡಿ," ಎಂದು ಹಣೆ ಚಚ್ಚಿಕೊಂಡ. "ಬಾಡಿಗೆ ಕಮ್ಮೀನೇ ಇತ್ತು. ಅದಕ್ಕೆ ಅದೂ ಇದೂ ಅಂತ ಸೇರಿಸಿದ್ರಲ್ಲ, ಅದೇ ಜಾಸ್ತಿ ಆಯ್ತು. ಮೂಗಿಗಿಂತ ಮೂಗುತಿ ಭಾರ!"

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಬಾಯಲ್ಲಿ ಅಯ್ಯೋ ಪಾಪ ಎಂದರು. ಮನಸ್ಸಿನಲ್ಲಿ ಮಾತ್ರ, ಗಾಡಿ ಓಡಿಸಲು ಬಾರದವನ ಪಾಡು ಇಷ್ಟೇ ಎಂದುಕೊಂಡರು. ಅವರೂ ಪರದೇಶಕ್ಕೆ ಹೊರಟಿದ್ದರು. ಅವರ ತಾಯಿಯ ಅಕ್ಕ ಮದುವೆಯಾಗಿ ದೂರದ ದೇಶ ಸೇರಿ, ಅಲ್ಲೊಂದು ಬೆಟ್ಟದೂರಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದರು. ಅಕ್ಕತಂಗಿಯರು ಮುಖ ನೋಡಿಕೊಂಡು ಯಾವ ಕಾಲವಾಯಿತೋ. ಆ ಬೆಟ್ಟಕ್ಕೆ ಬಸ್ಸಿಲ್ಲ. ತಾಯಿಗೆ ಮಂಡಿನೋವು. ಕಾರು ಸಿಕ್ಕರೆ ಅಕ್ಕ ಸಿಕ್ಕಹಾಗೆ, ಇಲ್ಲದಿದ್ದರೆ ಇಲ್ಲ.

ಮೇಷ್ಟ್ರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಕೇರಿಯವರ ಬಾಯಲ್ಲಿ ನರ್ಸಮ್ಮ.

"ಗಾಡಿ ಓಡ್ಸೋದು ಬೇರೆ ರೀ, ಗಾಡಿ ಬಾಡಿಗೆಗೆ ತಗೊಳ್ಳೋದು ಬೇರೆ," ಎಂದರು ಅವರು.

"ಅರ್ಧ ಊರಿಗೆ ಸ್ಟಿಯರಿಂಗ್ ಹಿಡಿಯೋದು ಕಲ್ಸಿರೋನು ಕಣೇ ನಾನು. ನಂಗೇ ಪಾಠನಾ?"

ನರ್ಸಮ್ಮ ವಾದಕ್ಕೆ ನಿಲ್ಲಲಿಲ್ಲ. ಫೋನಿನಲ್ಲಿ ಕಾಣುವ ಬಾಡಿಗೆಯನ್ನಷ್ಟೇ ನಂಬದೆ, ತೆರಿಗೆ ಎಲ್ಲಾ ಸೇರಿ ಎಷ್ಟಾಗುತ್ತದೆ ಎಂದು ನೋಡಿದರು. ದಿನಕ್ಕೆ ಇಷ್ಟೇ ಕಿಲೋಮೀಟರ್ ಎಂಬ ಕಟ್ಟು ಇಲ್ಲದ ಕಾರನ್ನೇ ಆರಿಸಿದರು. ಅಪಘಾತವಾದರೆ ತಮ್ಮ ಕೈಯಿಂದ ಕಟ್ಟಬೇಕಾದ ಪಾಲಿಗೆ ಮನೆಯಿಂದಲೇ ಬೇರೆ ವಿಮೆ ಮಾಡಿಸಿದರು. ಅದು ಅಲ್ಲಿ ಕೌಂಟರಿನಲ್ಲಿ ಕೊಳ್ಳುವುದಕ್ಕಿಂತ ಅಗ್ಗವಿತ್ತು. ಮೇಷ್ಟ್ರ ಹೆಸರಿನ ಕ್ರೆಡಿಟ್ ಕಾರ್ಡನ್ನು ಮಾತ್ರ ಹೊರಡುವ ತನಕ ಮುಟ್ಟಲು ಬಿಡಲಿಲ್ಲ.

"ಓಡ್ಸೋರ ಹೆಸರಿನ ಕಾರ್ಡೇ ಬೇಕಂತೆ. ಅದರಲ್ಲಿ ಠೇವಣಿ ತಡೆದಿಡ್ತಾರೆ. ಕಾರ್ಡಲ್ಲಿ ಅಷ್ಟು ದುಡ್ಡಿಗೆ ಜಾಗ ಇಲ್ದಿದ್ರೆ ಕಾರೇ ಕೊಡಲ್ಲ," ಎಂದರು. ಮೇಷ್ಟ್ರು ಹೊಸ ಬೂಟಿನ ಆಸೆ ಬಿಟ್ಟು ಗೊಣಗಿದರು.

ವಿಮಾನ ಇಳಿದು ತಾಯಿ, ಮಗ, ಸೊಸೆ ಬಾಡಿಗೆ ಕಾರಿನ ಕೌಂಟರಿಗೆ ಬಂದರೆ ಹನುಮಂತನ ಬಾಲದಂಥ ಸಾಲು. ಗಾಜಿನ ಹಿಂದೆ ನಿಂತ ಗುಮಾಸ್ತ ನಗುನಗುತ್ತಲೇ ಮಾತಾಡುತ್ತಿದ್ದ. ಕಾರಿನಲ್ಲಿ ದಾರಿ ತೋರಿಸುವ ಯಂತ್ರ, ಪೂರ್ತಿ ವಿಮೆ, ಇಂಧನಕ್ಕೆ ಮೊದಲೇ ದುಡ್ಡು ಕಟ್ಟಿದರೆ ಖಾಲಿ ಟ್ಯಾಂಕಿನಲ್ಲೇ ವಾಪಸು ಕೊಡುವ ಅನುಕೂಲ, ಒಂದೊಂದಾಗಿ ಹೇಳಿ ಕಾಗದವನ್ನು ಮುಂದಕ್ಕೆ ತಳ್ಳಿದ. ಅವನಿಗೂ ಇವರಿಗೂ ಹರುಕುಮುರುಕು ಇಂಗ್ಲಿಷ್ ಬರುತ್ತಿತ್ತು, ಕೆಲಸ ನಡೆಯಿತು.

ಮೇಷ್ಟ್ರು ಪೆನ್ನು ತೆಗೆದರು. "ಇವಳೂ ಓಡಿಸ್ತಾಳೆ, ನನ್ನ ಶಿಷ್ಯೇನೇ!" ಎಂದು ಹೆಮ್ಮೆಯಿಂದ ಸೇರಿಸಿದರು. ಗುಮಾಸ್ತ ಕಂಪ್ಯೂಟರಿನಲ್ಲಿ ಪಟಪಟನೆ ಇನ್ನೊಂದು ಸಾಲು ಒತ್ತಿದ.

"ತಡೀರಿ. ಇನ್ನೊಬ್ಬರು ಓಡಿಸಿದ್ರೆ ಬೇರೆ ದುಡ್ಡಾ?" ಎಂದರು ನರ್ಸಮ್ಮ.

"ಹೌದು, ದಿನದ ಲೆಕ್ಕ."

"ಹಾಗಾದ್ರೆ ನಾನು ಓಡ್ಸಲ್ಲ. ಅವರೊಬ್ಬರದೇ ಇರಲಿ."

ನರ್ಸಮ್ಮನಿಗೆ ಒಂದು ಅಭ್ಯಾಸ. ವಾರ್ಡಿನಲ್ಲಿ ಪಾಳಿ ಬದಲಾಗುವಾಗ, ಹೋಗುವವರು ಹೇಳಿದ್ದನ್ನು ಬಂದವರು ಬಾಯಿಬಿಟ್ಟು ತಿರುಗಿ ಹೇಳಬೇಕು. ಹೇಳಿದ್ದೇ ಒಂದು, ಕೇಳಿಸಿದ್ದೇ ಒಂದು ಆದರೆ ರೋಗಿಗೆ ಕಷ್ಟ. ಅವರು ಇಲ್ಲೂ ಹಾಗೇ ಮಾಡಿದರು.

"ನೀವು ಹೇಳಿದ್ದನ್ನ ನಾನೊಂದ್ಸಲ ಹೇಳ್ತೀನಿ, ಸರಿನಾ ನೋಡಿ. ಈ ವಿಮೆ ತಗೊಳ್ಳಲೇಬೇಕು."

"ಇಲ್ಲ ಇಲ್ಲ, ಅದು ನಿಮ್ಮ ಇಷ್ಟ. ಬೇಡ ಅಂದ್ರೆ ಠೇವಣಿ ಜಾಸ್ತಿ ತಡೆದಿಡ್ತೀವಿ ಅಷ್ಟೇ."

"ತಡೆದಿಡ್ತೀರಿ, ಕಟ್ ಮಾಡಲ್ಲ."

"ಕಾರು ನೆಟ್ಟಗೆ ಬಂದ್ರೆ ಪೂರ್ತಿ ಬಿಡ್ತೀವಿ."

"ಬೇಡ ಹಾಗಾದ್ರೆ, ನಮ್ಮದು ಬೇರೆ ಇದೆ. ಟ್ಯಾಂಕು ತುಂಬಿದ್ದು ತಗೊಂಡು, ನಾವೇ ತುಂಬಿಸಿ ಕೊಡ್ತೀವಿ."

"ಹಾಗೂ ಆಗುತ್ತೆ."

ಹಿಂದಿನ ಸಾಲಿನವರು ಕೆಮ್ಮಿದರು. ಮೇಷ್ಟ್ರ ಕಿವಿ ಕೆಂಪಾಯಿತು. ತಾಯಿ ಸೊಸೆಯ ಸೆರಗೆಳೆದು, "ಸಾಕು ಬಿಡೇ, ಜನ ನೋಡ್ತಿದಾರೆ," ಎಂದರು.

"ಅವಸರವೇ ಅಪಘಾತಕ್ಕೆ ಕಾರಣ ಅಂತ ನಿಮ್ಮ ಮಗನೇ ಸ್ಕೂಲಿನ ಗೋಡೆ ಮೇಲೆ ಬರ್ಸಿದಾರಲ್ಲ ಅತ್ತೆ. ಸಹಿಗೂ ಅದೇ ಮಾತು," ಎಂದು ಸೊಸೆ ಮತ್ತೆ ಗಾಜಿನತ್ತ ತಿರುಗಿದರು. "ಕೊನೇ ದಿನ ಸಾಯಂಕಾಲ ಕಾರು ವಾಪಸು."

"ಬೆಳಗ್ಗೆ," ಎಂದ ಗುಮಾಸ್ತ.

"ನಾವು ಸಾಯಂಕಾಲಕ್ಕೆ ಬುಕ್ ಮಾಡಿದ್ದು. ಬೆಳಗ್ಗೆ ಅಂತ ಬರೆದು ನಾವು ಸಾಯಂಕಾಲ ಬಂದ್ರೆ?"

"ಇನ್ನೊಂದು ದಿನದ ಬಾಡಿಗೆ ಬೀಳುತ್ತೆ." ಗುಮಾಸ್ತ ಬುಕಿಂಗ್ ತೆಗೆದು ನೋಡಿದ. ನಿಜ, ಸಾಯಂಕಾಲವೇ ಇತ್ತು. ಕ್ಷಮೆ ಕೇಳಿ ತಿದ್ದಿದ. "ಎಲ್ಲರೂ ನಿಮ್ಮ ಹಾಗೆ ತಿರುಗಿ ಕೇಳಿದ್ರೆ ನನ್ನ ತಪ್ಪೂ ಕಮ್ಮಿ ಆಗುತ್ತಮ್ಮ," ಎಂದ. ಕಾರ್ಡ್ ಯಂತ್ರ ಯಾವ ದೇಶದ ಹಣ ಎಂದು ಕೇಳಿದಾಗ, ಈ ದೇಶದ್ದನ್ನೇ ಒತ್ತಿರಿ, ನಿಮ್ಮದನ್ನು ಒತ್ತಿದರೆ ವಿನಿಮಯದಲ್ಲಿ ಜಾಸ್ತಿ ಹೋಗುತ್ತದೆ ಎಂದು ತಾನಾಗಿಯೇ ಹೇಳಿಕೊಟ್ಟ.

ಮೇಷ್ಟ್ರು ಹೆಂಡತಿಯನ್ನು ಹೊಸಬಳ ಹಾಗೆ ನೋಡಿದರು. ಬೆಣ್ಣೆಯಲ್ಲಿ ಕೂದಲು ತೆಗೆದಹಾಗೆ ಕೆಲಸ ಮುಗಿಸಿದ್ದರು. ಒಂದು ಮಾತು ಜೋರಿಲ್ಲ, ಯಾರ ಮೇಲೂ ಗುಮಾನಿಯಿಲ್ಲ. ಮೇಷ್ಟ್ರಿಗೆ ನಾಚಿಕೆ ಹೋಗಿ ಹೆಮ್ಮೆ ಉಕ್ಕಿತು.

ಕಾರಿನ ಹತ್ತಿರ ಹೋದಾಗ ಮೇಷ್ಟ್ರೇ ಮುಂದಾಗಿ ಫೋನಿನಲ್ಲಿ ವಿಡಿಯೋ ಮಾಡಿದರು. ಬಾಗಿಲು, ಬಂಪರ್, ಚಾವಣಿ, ಚಕ್ರ, ಗಾಜು, ಒಳಗಿನ ಇಂಧನದ ಮುಳ್ಳು, ಏನನ್ನೂ ಬಿಡಲಿಲ್ಲ. ಬಂಪರಿನ ಕೆಳಗೆ ಹಳೆಯ ತರಚು ಕಂಡಿತು. ಅದನ್ನು ಕಾಗದದಲ್ಲಿ ಬರೆಸಿ ಗುಮಾಸ್ತನ ಸಹಿ ಹಾಕಿಸಿದರು.

ದಾರಿಯಲ್ಲಿ ಕಾಫಿ ಕುಡಿದು ಬಂದ ಮೇಷ್ಟ್ರು ಅಭ್ಯಾಸಬಲದಿಂದ ಪಕ್ಕದ ಸೀಟಿನಲ್ಲಿ ಕೂತು, ಕೀ ಹೆಂಡತಿಗೆ ಕೊಟ್ಟು, "ಹೂಂ, ಕ್ಲಚ್ ಒತ್ತಿ," ಎಂದುಬಿಟ್ಟರು. ಸ್ಕೂಲಿನ ಗಾಡಿಯಲ್ಲಿ ಕಲಿಸುವವರ ಕಡೆಗೂ ಇರುವ ಎರಡನೇ ಬ್ರೇಕು ಇಲ್ಲಿರಲಿಲ್ಲ, ಕಾಲು ಮಾತ್ರ ಅದನ್ನು ಹುಡುಕುತ್ತಿತ್ತು.

"ನನ್ನ ಹೆಸರು ಬರೆಸಿಲ್ಲ ರೀ. ನಾನು ಓಡಿಸಿ ಏನಾದ್ರೂ ಆದ್ರೆ ವಿಮೆ ಕೈ ಎತ್ತಿಬಿಡುತ್ತೆ. ಇಳೀರಿ, ಮೇಷ್ಟ್ರೇ!"

ತಾಯಿ ಹಿಂದಿನ ಸೀಟಿನಲ್ಲಿ ಬಿದ್ದು ಬಿದ್ದು ನಕ್ಕರು.

ಬೆಟ್ಟದ ಮೇಲೆ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಅಕ್ಕ ನಿಂತಿದ್ದರು, ಕೊರಳಲ್ಲಿ ಅಳತೆ ಟೇಪು. ಅಕ್ಕತಂಗಿಯರು ತಬ್ಬಿಕೊಂಡು ಅತ್ತರು. ಆಮೇಲೆ ಇಬ್ಬರ ಮಾತೂ ನಿಲ್ಲಲಿಲ್ಲ.

ಕೊನೆಯ ದಿನ ಬೆಳಗ್ಗೆ ಯಾರೂ ಗಡಿಯಾರ ನೋಡಲಿಲ್ಲ. ಅಕ್ಕ ತಂಗಿಗೆ ರವಿಕೆ ಹೊಲಿದು ತೊಡಿಸಿ, ತೋಳು ಸರಿಯಾಗಿಲ್ಲ ಎಂದು ಬಿಚ್ಚಿ, ಮತ್ತೆ ಹೊಲಿದರು. ಮಧ್ಯಾಹ್ನದವರೆಗೂ ಅದೇ ನಡೆಯಿತು.

ತಾಯಿ ಅಕ್ಕನ ಕೈ ಹಿಡಿದು ಹೇಳಿದರು: "ಸಾಕು ಬಿಡೇ ಅಂತ ನಾನೇ ಇವಳ ಬಾಯಿ ಮುಚ್ಚಿಸೋಕೆ ಹೋಗಿದ್ದೆ ಕಣಕ್ಕಾ. ಇವಳು ಸುಮ್ಮನಾಗಿದ್ದಿದ್ರೆ ನಾನು ಬೆಳಗ್ಗೇನೇ ನಿನ್ನ ಬಿಟ್ಟು ಹೋಗ್ಬೇಕಿತ್ತು."

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ನರ್ಸಮ್ಮನ ಕಡೆ ನೋಡಿದರು. ಇಂಥವಳು ನನ್ನ ಹೆಂಡತಿ ಎಂದುಕೊಂಡರು. ಆಮೇಲೆ ಟ್ಯಾಂಕು ತುಂಬಿಸಲು ಹೊರಟರು.

ಓದುಗರೇ, ನೀವೂ ಒಂದು ದಿನ ಪರದೇಶದ ಕೌಂಟರಿನ ಮುಂದೆ ನಿಲ್ಲಬಹುದು. ಹಿಂದಿನವರು ಕೆಮ್ಮಲಿ ಬಿಡಿ. ಒಟ್ಟು ಎಷ್ಟು, ಯಾವುದು ಕಡ್ಡಾಯ, ಯಾವುದು ನಮ್ಮಿಷ್ಟ, ಎಷ್ಟು ಹೊತ್ತಿಗೆ ವಾಪಸು, ಬಾಯಿಬಿಟ್ಟು ಕೇಳಿ. ಅವರು ಹೇಳಿದ್ದನ್ನು ತಿರುಗಿ ಹೇಳಿ. ಕಾರನ್ನು ಸುತ್ತಿ ಬಂದು ವಿಡಿಯೋ ಮಾಡಿ, ವಾಪಸು ಕೊಡುವಾಗಲೂ ಮಾಡಿ, ಎಲ್ಲ ಸರಿಯಿದೆ ಎಂದು ಬರೆಸಿಕೊಂಡೇ ಕೀ ಕೊಡಿ. ಕೇಳುವುದು ಜಿಪುಣತನವಲ್ಲ. ನೀವು ಅಷ್ಟು ದೂರ ಯಾರನ್ನು ನೋಡಲು ಹೋಗಿರುತ್ತೀರೋ, ಅವರ ಜೊತೆ ಇನ್ನೊಂದು ಮಧ್ಯಾಹ್ನ ಕೂರುವ ದಾರಿ ಅದು.