ಕೆಂಪು ದಾರದ ಕೋಳಿಗಳು

ಐವತ್ತೆಂಟನೇ ಇಸವಿಯ ಮಾಗಿಯ ಒಂದು ಬೆಳಿಗ್ಗೆ, ಕೋಳಿ ಬಿಡುವ ಹೊತ್ತಿಗೆ, ಹೆಬ್ಬಾಳದ ದನದ ಡಾಕ್ಟರು ಚನ್ನಕೇಶವ ಜಕ್ಕೂರಿನ ನಮ್ಮ ಮನೆಗೆ ಬಂದರು. ಹಿಂದಿನ ಬೇಸಿಗೆಯಲ್ಲಿ ಕೊಕ್ಕರೆ ರೋಗ ನಮ್ಮ ಕೋಳಿಗಳನ್ನೆಲ್ಲ ಕೊಂದಿತ್ತು. ಮೊಟ್ಟೆ ಮಾರಿಯೇ ಮನೆ ನಡೆಸುತ್ತಿದ್ದ ನಮ್ಮ ಅತ್ತೆ ಮುನಿವೆಂಕಟಮ್ಮ ಮತ್ತೆ ಒಂದು ಹಿಂಡು ಸಾಕಿದ್ದರು. ಆ ರೋಗ ಬಾರದಂತೆ ಹಾಕಲು ಡಾಕ್ಟರು ತಂದಿದ್ದ ಸೂಜಿಯ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಅದಕ್ಕೇ ಕುಂಟು, ಬಡಕಲು ಕೋಳಿಗಳನ್ನೇ ಆರಿಸಿ ಮುಂದಿಟ್ಟರು.

"ಇವು ಸತ್ರೆ ನನ್ ಸೂಜಿನ ಬೈತೀರಿ. ಕಣ್ಮುಚ್ಚಿ ಮಂಕರಿಯೊಳಕ್ಕೆ ಕೈ ಹಾಕಿ. ಸಿಕ್ಕಿದ್ರಲ್ಲಿ ಒಂದಕ್ಕೆ ಸೂಜಿ, ಮುಂದಿನದು ಹಂಗೇ ಇರ್ಲಿ, ಹೀಗೇ ಕೊನೆವರೆಗೂ," ಎಂದರು ಡಾಕ್ಟರು.

"ಕೋಳಿಗೂ ಸೂಜಿಯಾ? ನಾಳೆ ಕನ್ನಡಕಾನೂ ಆಕ್ಸವ್ವ!" ಎಂದು ಪಕ್ಕದ ಮನೆಯ ಚಿಕ್ಕಹನುಮಯ್ಯ ನಕ್ಕ.

ಸೂಜಿ ಹಾಕಿದವುಗಳ ಕಾಲಿಗೆ ಅತ್ತೆ ಕೆಂಪು ದಾರ ಕಟ್ಟಿದರು. ಯುಗಾದಿ ಕಳೆದ ಮೇಲೆ ರೋಗ ಬಂತು. ದಾರವಿಲ್ಲದವುಗಳಲ್ಲಿ ಒಂದು ಹುಂಜ ಮಾತ್ರ ಉಳಿಯಿತು. ದಾರದವುಗಳಲ್ಲಿ ಒಂದು ಸತ್ತಿತು. ಮಿಕ್ಕವೆಲ್ಲ ತಿಪ್ಪೆ ಕೆದಕುತ್ತಿದ್ದವು.

ನೋಡಲು ಬಂದ ಡಾಕ್ಟರಿಗೆ ಅತ್ತೆ, "ದಾರದ್ದೂ ಒಂದ್ ಸತ್ತೈತೆ ಸ್ವಾಮಿ, ಮುಚ್ಚಿಡಬಾರ್ದು. ಆದ್ರೂ ಮುಂದಿನ ಮರಿಗೊಳ್ಗೆಲ್ಲ ಆಕ್ಬುಡಿ," ಎಂದರು.

ಮರುವಾರದ ಸೋಮವಾರ, ಬಿಸಿಲೇರುವ ಮೊದಲೇ, ಚಿಕ್ಕಹನುಮಯ್ಯ ಹೊಸದಾಗಿ ಕೊಂಡ ಮರಿಗಳ ಮಂಕರಿ ಹೊತ್ತು ಹೆಬ್ಬಾಳದ ದನದ ಆಸ್ಪತ್ರೆಗೆ ಹೊರಟ.