ತಂಬುವಿನ ಹೆಸರು

ಹಾರಬೇಕಾದದ್ದು ಸಮುದ್ರದ ತಳದಲ್ಲಿ ಕೂತಿತ್ತು. ಅದನ್ನು ನೋಡಲು ಮುಳುಗಿದವರು ಈಗ ಮೇಲೆ ತೇಲುತ್ತಿದ್ದರು. ಹತ್ತಬೇಕಾದ ದೋಣಿ ಮಾತ್ರ ಹತ್ತಿರ ಇರಲಿಲ್ಲ.

ಕಿಂಬೆ ಕೊಲ್ಲಿಯಲ್ಲಿ ಬಿದ್ದಿದ್ದ ಜಪಾನಿ ಯುದ್ಧವಿಮಾನದ ಬಳಿಗೆ ಪ್ರವಾಸಿಗಳನ್ನು ಇಳಿಸಿ, ಜೋಪಾನವಾಗಿ ಮೇಲೆ ತರುವುದು ಆಲೋಯಿಸನ ಕಸುಬು. ತಂದದ್ದಾಗಿತ್ತು. ಆದರೆ ದೋಣಿಯ ಹಗ್ಗ ಬಿಚ್ಚಿಕೊಂಡಿತ್ತು. ಅದರೊಳಗೆ ಬಾಯ್ತುಂಬ ಅಡಿಕೆ ಜಗಿದು, ಟೋಪಿಯನ್ನು ಮುಖಕ್ಕೆಳೆದುಕೊಂಡು ಮಲಗಿದ್ದವನು ಅವನ ಮಾವ. ಗಾಳಿ ದೋಣಿಯನ್ನು ಅತ್ತ ತಳ್ಳುತ್ತಿತ್ತು, ಸೆಳೆತ ಇವರನ್ನು ಹೊರಗಡಲಿನತ್ತ ಎಳೆಯುತ್ತಿತ್ತು.

"ಹೋಯ್! ಹೋಯ್!"

ಮುದುಕ ಅಲುಗಲಿಲ್ಲ. ಕೊಲ್ಲಿಯಲ್ಲಿ ಯಾರು ಯಾರಿಗೋ ದಿನವಿಡೀ ಹೋಯ್ ಅನ್ನುತ್ತಾರೆ, ಅದಕ್ಕೆಲ್ಲ ಏಳುವ ಆಸಾಮಿ ಅವನಲ್ಲ.

"ಹೆಸರು ಹಿಡಿದು ಕೂಗಯ್ಯಾ!" ಎಂದಳು ಆಸ್ಟ್ರೇಲಿಯಾದ ಮಾರ್ಗೊ. ಅವಳ ಗಂಡ ಗ್ಲೆನ್ ಸೆಟೆದುಕೊಂಡ ಕಾಲನ್ನು ಹಿಡಿದುಕೊಂಡು ನರಳುತ್ತಿದ್ದ.

"ಆಗಲ್ಲ ಮೇಡಂ."

"ಯಾಕೆ, ಮರ್ತುಹೋಯ್ತಾ?"

"ಮರೆಯೋಕೆ ಒಂದಿನಾನಾದ್ರೂ ಹೇಳಿದ್ರೆ ತಾನೆ? ಅವ್ರು ನನ್ನ ತಂಬು."

"ಸರಿ, ನನ್ನ ಕಿವೀಲಿ ಹೇಳು. ನಾನೇ ಕೂಗ್ತೀನಿ."

"ನಿಮ್ಗೆ ಹೇಳ್ಬೇಕಾದ್ರೂ ನಾನೇ ಹೇಳ್ಬೇಕಲ್ಲ ಮೇಡಂ!"

ತಂಬು ಅಂದರೆ ಅಲ್ಲಿಯವರ ಮಾತಿನಲ್ಲಿ ಹೆಂಡತಿಯ ಅಪ್ಪ. ಮಾವನ ಹೆಸರು ಅಳಿಯನ ನಾಲಿಗೆಯ ಮೇಲೆ ಬರಕೂಡದು. ಬಂದರೆ ಹಂದಿ ಕೊಟ್ಟು ತಪ್ಪೊಪ್ಪಿಕೊಂಡರೂ ಮಾನ ಮರಳದು. ಮಾವ ಮಗಳನ್ನು ಕರೆದುಕೊಂಡು ಹೋದರೆ ಊರೆಲ್ಲ ಅವನದೇ ಪಕ್ಷ. ಆಲೋಯಿಸನಿಗೆ ಉಸಿರಿತ್ತು, ಉಸಿರುವಂತಿರಲಿಲ್ಲ.

ಗ್ಲೆನ್‌ಗೆ ಅರ್ಧ ಅರ್ಥವಾಯಿತು. ಅರ್ಧ ಅರ್ಥವೇ ಅನರ್ಥ.

"ತಂಬು ಅಂತಾನಾ ಅವನ್ನ? ಇಷ್ಟೇ ತಾನೆ! ತಂಬೂ! ತಂಬೂ!"

ಮಾರ್ಗೊಳೂ ದನಿಗೂಡಿಸಿದಳು. ಅಷ್ಟರಲ್ಲಿ ಹುಟ್ಟು ಹಾಕುತ್ತ ಇತ್ತಲೇ ಬರುತ್ತಿದ್ದ ಇಬ್ಬರು ಬೆಸ್ತರು ದೂರದಲ್ಲೇ ನಿಂತರು. ಅಲೆಗಳ ಗದ್ದಲದಲ್ಲಿ ಅವರಿಗೆ ಮುಟ್ಟಿದ್ದು ಆ ಒಂದೇ ಪದ. ಮಾವನೂ ತಂಬು, ನಿಷೇಧವೂ ತಂಬು. ಕುಲದಲ್ಲಿ ಯಾರಾದರೂ ಸತ್ತರೆ ಆ ಕುಲದವರು ತಮ್ಮ ಹವಳದ ದಿಬ್ಬದ ಸುತ್ತ ಯಾರೂ ಬಲೆ ಬೀಸದಂತೆ ತಂಬು ಹಾಕುತ್ತಾರೆ.

"ಗೊತ್ತಾಗ್ಲಿಲ್ಲ ಅಣ್ಣಾ! ಯಾರು ಹೋದ್ರೋ ಪಾಪ! ನಾವು ಹಿಂದಕ್ಕೆ ಹೊರಟ್ವಿ!"

"ಏ, ಬನ್ರೋ! ಆ ತಂಬು ಅಲ್ಲ, ಈ ತಂಬು!" ಎಂದ ಆಲೋಯಿಸ್. ತನ್ನ ಮಾತು ತನಗೇ ಕೇಳಿಸಿದ ಮೇಲೆ ಅವನಿಗೆ ಅಳು ಬಂತು.

ಬೆಸ್ತರು ಮರ್ಯಾದೆಯಿಂದ ಕೈಯೆತ್ತಿ, ಬಂದದ್ದಕ್ಕಿಂತ ಬಿರುಸಾಗಿ ಹುಟ್ಟು ಹಾಕಿದರು.

ಗ್ಲೆನ್ ಒಂದು ಗುಟುಕು ಉಪ್ಪುನೀರು ಕುಡಿದ. ಮಾರ್ಗೊ ಅವನ ಕತ್ತಿನ ಪಟ್ಟಿ ಹಿಡಿದು ಆಲೋಯಿಸನನ್ನು ನೋಡಿದಳು. ಆ ನೋಟ ತಡೆಯಲಾರದೆ ಅವನು ಕಣ್ಣು ಮುಚ್ಚಿದ. ಮದುವೆಯಾದಂದಿನಿಂದ ಹಲ್ಲಿನ ಹಿಂದೆ ಕಾದಿಟ್ಟಿದ್ದದ್ದು ಮೊದಲು ಪಿಸುಮಾತಾಗಿ, ಆಮೇಲೆ ಚೀರಾಟವಾಗಿ ಹೊರಬಿತ್ತು.

"ಲೋಸೋ! ಲೋಸೋ!"

"ಇಷ್ಟು ಪುಟ್ಟ ಹೆಸರಾ?" ಎಂದಳು ಮಾರ್ಗೊ, ಅಳುತ್ತ.

ಮೂವರೂ ಕೂಗಿದರು. ಕೂಗು ಮುಟ್ಟುವಷ್ಟು ಹತ್ತಿರದಲ್ಲಿ ದೋಣಿ ಈಗ ಇರಲಿಲ್ಲ. ಬಾಯಿಂದ ಹೆಸರು ಹೋಗಿತ್ತು, ಕಣ್ಣಿಂದ ದೋಣಿ ಹೋಯಿತು. ಆದರೂ ಆಲೋಯಿಸ್ ಕೂಗುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮಾಡಲು ಬೇರೇನೂ ಇರಲಿಲ್ಲ.